ಹೊಂಬಾಳಮ್ಮ ಚೆಲ್ಲಿದ ನೀರು

ನೆನೆಸಿದ ಅವರೆಕಾಳನ್ನು ಹಿದುಕುತ್ತಾ ಕೂತಿದ್ದೆ. ರಾಮನಗರದ ನಮ್ಮ ಮನೆಯ ಹಿತ್ತಿಲ ಬಾಗಿಲಿನ ತನಕ ಬೆಳಗಿನ ಬಿಸಿಲು ಬಂದಿತ್ತು. ಎರಡು ಬೆರಳ ನಡುವೆ ಕಾಳನ್ನು ಒತ್ತಿದರೆ ಬೇಳೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಈ ವಯಸ್ಸಿನಲ್ಲಿ ಬೆರಳ ಗಂಟು ಇಷ್ಟಾದರೂ ಮಡಚುತ್ತದಲ್ಲ, ಅದೊಂದು ಕೃಪೆ ಅಂದುಕೊಂಡೆ. ದಿನಕ್ಕೆ ಇಂಥ ಐದಾರು ಕೃಪೆಗಳನ್ನು ಎಣಿಸುವುದು ನನ್ನ ಹಳೆಯ ರೂಢಿ. ಮೂರನೆಯದಕ್ಕೆ ಬರುವಷ್ಟರಲ್ಲಿ ಮಗಳು ಲೀಲಾ ಫೋನು ತಂದು ನನ್ನ ಕಿವಿಗೆ ಹಿಡಿದಳು. ನನ್ನ ಕೈ ಒದ್ದೆಯಾಗಿತ್ತು.

ಚನ್ನಪಟ್ಟಣದಿಂದ ಜಯಾ. ನಮ್ಮ ಹಳೆಯ ಬೀದಿಯ ಹೊಂಬಾಳಮ್ಮನ ಮಗಳು.

"ದೊಡ್ಡವ್ವ, ನಮ್ಮವ್ವ ಓಗ್ಬುಟ್ಲು ಕಣವ್ವ. ಬೆಳಗಿನ್ ಜಾವ, ನಿದ್ದೇಲೆ."

ಬೆರಳಲ್ಲಿದ್ದ ಕಾಳನ್ನು ಪಾತ್ರೆಗೆ ಬಿಟ್ಟೆ. ಅವಳೇ ಮುಂದುವರಿಸಿದಳು.

"ಮೂರು ದಿವ್ಸದಿಂದ ಒಂದೇ ವರಾತ. ನನ್ ಕೊನೆ ಸ್ನಾನಕ್ಕೆ ಸುಗುಣಕ್ಕ ಒಂದ್ ಬಿಂದ್ಗೆ ನೀರು ಒತ್ಕಂಡ್ ಬರ್ಬೇಕು, ಮೊದ್ಲು ಅವ್ಳೇ ಉಯ್ಯಬೇಕು ಅಂತ. ಮೂರು ಗಂಟೆಗೆ ಎತ್ತಾರೆ. ಬತ್ತೀಯಾ?"

"ಬತ್ತೀನಿ ಮಗ," ಅಂದೆ.

ನೀರಿನ ಮಾತಿನಲ್ಲಿ ಲೀಲಾಳಿಗೆ ಅಂಥ ವಿಶೇಷವೇನೂ ಕಾಣಲಿಲ್ಲ. ಹಳೆಯ ನೆರೆಯವರು, ಕರೆದಿದ್ದಾರೆ, ಅಷ್ಟೆ. ಆದರೆ ಆ ಹೆಂಗಸು ಮೂವತ್ತು ವರ್ಷಕ್ಕೂ ಮೇಲೆ ನನ್ನ ಕೈಯಿಂದ ಒಂದು ಚೊಂಬು ನೀರು ಹೊರಿಸಿಕೊಂಡವಳಲ್ಲ. ಅವಳ ಹಣೆಯ ಮೇಲೆ ಹುಬ್ಬಿನಿಂದ ಬೈತಲೆಯ ತನಕ ಏರಿದ ಒಂದು ಗಾಯದ ಕಲೆಯಿತ್ತು. ಅದನ್ನು ಮಾಡಿದವಳು ನಾನು. ಅಡುಗೆಮನೆಯ ಮೂಲೆಯಲ್ಲಿ ಈಗಲೂ ಇರುವ ತಾಮ್ರದ ಬಿಂದಿಗೆಯಿಂದ ಮಾಡಿದ್ದು.

ಲೀಲಾ ಏಳನೇ ಕ್ಲಾಸಿನಲ್ಲಿದ್ದ ವರ್ಷದ ಬೇಸಿಗೆ ಅದು.

ಆಗ ನಾವು ಚನ್ನಪಟ್ಟಣದಲ್ಲಿದ್ದೆವು. ನನ್ನ ಯಜಮಾನರು ಸಮುವೇಲ ಬೊಂಬೆ ಮಾಡುವ ಕಾರ್ಖಾನೆಯಲ್ಲಿ ಮರ ಕಡೆಯುತ್ತಿದ್ದರು. ಸಂಜೆ ಮನೆಗೆ ಬಂದರೆ ಅವರ ಜೊತೆಗೆ ಅರಗಿನ ವಾಸನೆಯೂ ಬರುತ್ತಿತ್ತು. ಮೆತ್ತಗಿನ ಮನುಷ್ಯ. ಒಂದು ದಿನಕ್ಕೆ ಅವರು ಆಡುತ್ತಿದ್ದ ಮಾತನ್ನು ನಾನು ಒಂದು ಉಸಿರಿನಲ್ಲಿ ಆಡುತ್ತಿದ್ದೆ.

ನಮ್ಮ ಚರ್ಚು ದೊಡ್ಡದಲ್ಲ. ಹೆಂಚು ಹೊದಿಸಿದ ಒಂದು ಕಟ್ಟಡ, ನಲವತ್ತು ಮನೆಯವರು. ನಮ್ಮ ಸಭಾಪಾಲಕರನ್ನು ಅಯ್ಯನವರು ಅನ್ನುತ್ತಿದ್ದೆವು. ಅವರಿಗೆ ಉಬ್ಬಸ, ಹತ್ತು ನಿಮಿಷ ಮಾತಾಡಿದರೆ ಉಸಿರು ಕಟ್ಟುತ್ತಿತ್ತು. ಉದ್ದದ ಪ್ರಸಂಗ ಆಗದು ಎಂದೇ ಅವರು ವಾರಕ್ಕೊಂದು ಪುಟ್ಟ ಸಂದೇಶ ಮಾಡುತ್ತಿದ್ದರು, ಎರಡು ಸಾಲು, ಹೆಚ್ಚೆಂದರೆ ನಾಲ್ಕು. ನಂಬಿಕೆಯ ಬಗ್ಗೆ, ಕೃಪೆಯ ಬಗ್ಗೆ. ಶನಿವಾರ ಅವರು ಹೇಳುವರು, ನಾನು ನಲವತ್ತು ಚೀಟಿಗಳ ಮೇಲೆ ಬರೆಯುವೆ, ಭಾನುವಾರ ಮನೆಗೊಂದರಂತೆ ಹಂಚುವುದು. ನನ್ನ ಅಕ್ಷರ ದುಂಡಗಿತ್ತು, ಅದಕ್ಕೇ ಆ ಕೆಲಸ ನನಗೆ ಬಂತು. 'ಕೃಪೆಯನ್ನು ದುಡಿದು ಪಡೆಯಲಾಗದು. ದುಡಿದು ಪಡೆದರೆ ಅದು ಕೂಲಿ.' ಈ ಸಾಲನ್ನು ಎಷ್ಟು ಸಲ ಬರೆದಿದ್ದೇನೋ. ಉಪ್ಪು, ಮೆಣಸಿನಕಾಯಿ, ಸೀಮೆಎಣ್ಣೆ ಎಂದು ಸಾಮಾನಿನ ಪಟ್ಟಿ ಬರೆದ ಹಾಗೆ ಬರೆದಿದ್ದೇನೆ.

ವರ್ಷದ ಮೊದಲ ದಿನ ಮಾತ್ರ ಬೇರೆ ಕ್ರಮ. ಅವತ್ತು ನಲವತ್ತು ಚೀಟಿಯಲ್ಲಿ ನಲವತ್ತು ಬೇರೆ ಬೇರೆ ಸಂದೇಶ. ಆರಾಧನೆ ಮುಗಿದ ಮೇಲೆ ಅಯ್ಯನವರು ಬಿಸ್ಕತ್ತಿನ ಡಬ್ಬಿ ಹಿಡಿದು ನಿಲ್ಲುವರು. ಮನೆಗೊಬ್ಬರು ಹೋಗಿ ಪ್ರಾರ್ಥಿಸಿ, ಕಣ್ಣು ಮುಚ್ಚಿ ಒಂದು ಚೀಟಿ ಎತ್ತಬೇಕು. ಅದು ಆ ವರ್ಷಕ್ಕೆ ದೇವರು ಆ ಮನೆಗೆ ಕೊಟ್ಟ ವಾಗ್ದಾನ. ನಮ್ಮವರು ಅದನ್ನು ಅಷ್ಟಕ್ಕೇ ಬಿಡುತ್ತಿರಲಿಲ್ಲ. ಮಗಳನ್ನು ಮಾಗಡಿಗೆ ಕೊಡುವುದೋ ಕುದೂರಿಗೆ ಕೊಡುವುದೋ, ಹಸು ಮಾರುವುದೋ ಬೇಡವೋ, ಎಲ್ಲಕ್ಕೂ ಆ ಚೀಟಿಯನ್ನೇ ತೆಗೆದು ನೋಡುವುದು. ನಾನೂ ಹಾಗೇ.

ಆ ಬೇಸಿಗೆಯ ಹಿಂದಿನ ವರ್ಷ ನನಗೆ ಬಂದದ್ದು 'ಸಹಿಸುವವರ ಸಂಗಡ ಕರ್ತನು ಕೂತಿರುತ್ತಾನೆ' ಎಂಬ ಚೀಟಿ. ಆ ವರ್ಷ ಕನಕಪುರದಲ್ಲಿ ನನ್ನ ತಾಯಿ ತೀರಿಕೊಂಡಳು. ನನ್ನ ಆರು ತಿಂಗಳ ಬಸಿರು ಹೋಯಿತು. ಸಹಿಸಿದೆ. ಆದರೆ ಡಿಸೆಂಬರಿನಲ್ಲಿ ಹೊಸ ಚೀಟಿ ಬರೆಯುತ್ತಾ ಕೂತಾಗ, ಇನ್ನೊಂದು ಸಹಿಸುವ ಚೀಟಿ ನನಗೆ ಬೇಡ ಅನ್ನಿಸಿತು. ಅಯ್ಯನವರು ಹೇಳಿದ್ದರಲ್ಲಿ ಒಂದು ಗಟ್ಟಿ ಮಾತಿತ್ತು. 'ನಿನ್ನ ಪಾಲನ್ನು ಕರ್ತನೇ ಅಳೆದಿಟ್ಟಿದ್ದಾನೆ. ನಿಂತ ಜಾಗದಲ್ಲಿ ಭದ್ರವಾಗಿ ನಿಲ್ಲು, ಕದಲಬೇಡ.' ಉಳಿದ ಚೀಟಿಗಳನ್ನೆಲ್ಲ ಎರಡು ಮಡಿಕೆ ಮಡಿಸಿದೆ. ಇದೊಂದನ್ನು ಮೂರು ಮಡಿಕೆ ಮಡಿಸಿದೆ. ಹೊಸ ವರ್ಷದ ದಿನ ಎಲ್ಲರಿಗಿಂತ ಮೊದಲು ಹೋಗಿ, ಕಣ್ಣು ಮುಚ್ಚಿ, ಬೆರಳಲ್ಲಿ ಮಡಿಕೆ ತಡಕಿ ಅದನ್ನೇ ಎತ್ತಿದೆ. ಆಮೆನ್ ಅಂದೆ ಬೇರೆ.

ಅದನ್ನು ತಂದು ಅಡುಗೆಮನೆಯ ಬೀರುವಿನ ಬಾಗಿಲಿಗೆ ಅನ್ನದ ಅಗುಳು ಹಚ್ಚಿ ಅಂಟಿಸಿದೆ.

ಫೆಬ್ರವರಿ ಮುಗಿಯುವ ಮೊದಲೇ ಬಾವಿಗಳು ಬತ್ತಿದವು. ಬೀದಿಗೆ ಒಂದೇ ನಲ್ಲಿ. ಮೂರು ದಿನಕ್ಕೊಮ್ಮೆ ಮಧ್ಯಾಹ್ನ ಎರಡು ಗಂಟೆಗೆ ನೀರು ಬಿಡುವರು, ಒಂದು ತಾಸು. ಬೆಳಗಿನಿಂದಲೇ ಬಿಂದಿಗೆಗಳ ಸಾಲು. ಬಿಂದಿಗೆ ಇಟ್ಟರೆ ನಾವೇ ನಿಂತ ಹಾಗೆ ಎಂಬುದು ಬೀದಿಯ ಕಾಯಿದೆ. ಮೊದಮೊದಲು ಆ ಕಾಯಿದೆ ನಡೆಯಿತು. ಮಾರ್ಚಿನಲ್ಲಿ ಒಬ್ಬರ ಬಿಂದಿಗೆಯನ್ನು ಒಬ್ಬರು ಕಾಲಲ್ಲಿ ತಳ್ಳುವುದು ಶುರುವಾಯಿತು. ಆಮೇಲೆ ಬಿಂದಿಗೆ ಬಿಟ್ಟು ಮನುಷ್ಯರನ್ನೇ ತಳ್ಳಿದರು. ಒಬ್ಬಳ ತಾಳಿಸರ ಹರಿದು ಚರಂಡಿಗೆ ಬಿತ್ತು. ಒಬ್ಬಳ ಮುಂದಿನ ಹಲ್ಲು ನಲ್ಲಿಯ ಕಲ್ಲಿಗೆ ಬಡಿದು ಮುರಿಯಿತು. ಅವಳು ಬಾಯಿಯ ರಕ್ತವನ್ನು ತನ್ನ ಪಾಲಿನ ನೀರಲ್ಲಿ ತೊಳೆಯಲು ಮನಸ್ಸಾಗದೆ ಸೆರಗಲ್ಲಿ ಒರೆಸಿಕೊಂಡು ಸಾಲಿನಲ್ಲೇ ನಿಂತಳು. ವಾರಕ್ಕೆರಡು ಸಲ ನಮ್ಮ ಬೀದಿಯಲ್ಲಿ ಹೆಂಗಸರು ಕೂದಲು ಹಿಡಿದು ಎಳೆದಾಡುವುದನ್ನು ಗಂಡಸರು ಜಗಲಿಯಲ್ಲಿ ಬೀಡಿ ಸೇದುತ್ತಾ ನೋಡುವರು.

ಹೊಂಬಾಳಮ್ಮನ ಮನೆ ನಮ್ಮ ಎದುರಿಗೆ. ಕಬ್ಬಾಳಿನ ಹೆಣ್ಣು, ದೊಡ್ಡ ದನಿ, ದೊಡ್ಡ ನಗು. ಗಂಡ ಬೋರಯ್ಯ ಬಸ್‌ಸ್ಟ್ಯಾಂಡಿನಲ್ಲಿ ಎಳನೀರು ಮಾರುತ್ತಿದ್ದ. ಕುಡಿದು ಬಂದ ದಿನ ಅವಳನ್ನು ಹೊಡೆಯುತ್ತಿದ್ದ. ಅವಳೂ ಸುಮ್ಮನಿರುತ್ತಿರಲಿಲ್ಲ, ಅವರ ಮನೆಯ ಪಾತ್ರೆಗಳು ಬೀದಿಗೆ ಬರುತ್ತಿದ್ದವು. ಮಾರನೆಯ ದಿನ ಬೆಳಿಗ್ಗೆ ಅವನ್ನು ಆರಿಸಿಕೊಳ್ಳುತ್ತಾ, "ನಮ್ಮನೇಲಿ ಪಾತ್ರೆ ಜೋಡ್ಸೋದು ನಮ್ಮೆಜಮಾನ್ರೇ ಕಣಕ್ಕ" ಎಂದು ನಗುತ್ತಿದ್ದಳು. ಅವಳ ನಗು ನನಗೆ ಸೇರುತ್ತಿರಲಿಲ್ಲ. ದೇವರನ್ನು ತಿಳಿಯದವಳು ಎಂದು ಮನಸ್ಸಿನಲ್ಲಿ ಅವಳನ್ನು ಒಂದು ಮೆಟ್ಟಿಲು ಕೆಳಗೇ ಇಟ್ಟಿದ್ದೆ.

ಈಸ್ಟರ್ ಹಬ್ಬಕ್ಕೆ ವಾರ ಮುಂಚಿನ ಗರಿಗಳ ಭಾನುವಾರ ಕಳೆದ ಮಂಗಳವಾರ. ಲೀಲಾಳಿಗೆ ಎರಡು ದಿನದಿಂದ ಜ್ವರ. ಮನೆಯಲ್ಲಿ ಕುಡಿಯುವುದಕ್ಕೆ ಅರ್ಧ ಕೊಡ ಉಳಿದಿತ್ತು. ನಾನು ಏಳು ಗಂಟೆಗೇ ತಾಮ್ರದ ಬಿಂದಿಗೆ ಇಟ್ಟು ಮೂರನೆಯ ಜಾಗ ಹಿಡಿದಿದ್ದೆ. ತಾಯಿ ಮದುವೆಗೆ ಕೊಟ್ಟ ಬಿಂದಿಗೆ, ಪ್ಲಾಸ್ಟಿಕ್ಕಿನ ನಡುವೆ ಅದೊಂದೇ ಹೊಳೆಯುತ್ತಿತ್ತು. ಎರಡು ಗಂಟೆಗೆ ನೀರು ಬಂತು, ಹುರಿಹಗ್ಗದಷ್ಟು ಸಣ್ಣಗೆ. ಇದು ತುಂಬುವುದಕ್ಕೆ ಹೊತ್ತಾಗುತ್ತದೆ ಎಂದುಕೊಂಡು, ಮಗುವಿನ ಹಣೆಯ ಒದ್ದೆಬಟ್ಟೆ ಬದಲಿಸಿ ಬರೋಣವೆಂದು ಒಳಗೆ ಹೋದೆ. ಬೀರುವಿನ ಬಾಗಿಲ ಚೀಟಿ ಕಣ್ಣಿಗೆ ಬಿತ್ತು. ಕದಲಬೇಡ. ತಿರುಗಿ ಓಡಿದೆ.

ನನ್ನ ಬಿಂದಿಗೆ ಚರಂಡಿಯ ಪಕ್ಕ ಉರುಳಿಕೊಂಡಿತ್ತು. ನಲ್ಲಿಯ ಕೆಳಗೆ ಹೊಂಬಾಳಮ್ಮನ ಹಸಿರು ಬಿಂದಿಗೆ.

"ತೆಗಿ ಅದನ್ನ," ಅಂದೆ. "ಏಳು ಗಂಟೆಯಿಂದ ಇಟ್ಟಿದ್ದೀನಿ."

"ಬಿಂದ್ಗೆ ಬುಟ್ಬುಟ್ಟು ಮನೇಲಿ ಮಲಗೋರ್ಗೆ ಲೈನ್ ಎಲ್ಲೈತಕ್ಕ?"

"ಮಗಳಿಗೆ ಜ್ವರ. ಬಿಂದಿಗೆ ಇಟ್ಟರೆ ನಾನಿದ್ದ ಹಾಗೆ. ಇದು ನನ್ನ ಪಾಲು."

ಅವಳು ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದಳು. ಹತ್ತಿಪ್ಪತ್ತು ಹೆಂಗಸರಿದ್ದರು. "ನಿಮ್ ಸ್ವಾಮಿ ಒಂದ್ ಕೆನ್ನೆಗ್ ಒಡುದ್ರೆ ಇನ್ನೊಂದ್ ಕೆನ್ನೆ ತೋರ್ಸು ಅಂದವ್ನಂತಲ್ಲ ಸುಗುಣಕ್ಕ? ಒಂದ್ ಲೈನ್ ಓದ್ರೆ ಓಗ್ಲಿ, ಇನ್ನೊಂದ್ ಲೈನ್ಗೆ ನಿಂತ್ಕೊ!"

ಸಾಲಿಗೆ ಸಾಲೇ ನಕ್ಕಿತು. ಆ ನಗುವಿನಲ್ಲಿ ನನ್ನ ತಾಯಿಯ ಸಾವು, ಹೋದ ಬಸಿರು, ಬರೆದ ಸಾವಿರಾರು ಚೀಟಿ ಎಲ್ಲವೂ ಸೇರಿ ತಲೆಗೇರಿತು. ಬಿಂದಿಗೆ ಎತ್ತಿಕೊಂಡು ಹೋಗಿ ಅವಳ ಹಸಿರು ಬಿಂದಿಗೆಯನ್ನು ಒದ್ದೆ. ಅವಳು ನನ್ನ ತುರುಬಿಗೆ ಕೈ ಹಾಕಿ ಕೆಳಕ್ಕೆ ಎಳೆದಳು. "ನಾನು ಕದಲಲ್ಲ!" ಎಂದು ಕಿರುಚಿದೆ. ಕಿರುಚಿ, ಎರಡೂ ಕೈಯಲ್ಲಿ ಕಂಠ ಹಿಡಿದು ಬಿಂದಿಗೆ ಬೀಸಿದೆ.

ಎಂಥ ಸದ್ದು ಅದು. ಒಣಗಿದ ತೆಂಗಿನಕಾಯಿಯನ್ನು ಕಲ್ಲಿಗೆ ಹಾಕಿದ ಹಾಗೆ. ಹೊಂಬಾಳಮ್ಮ ನನ್ನ ಕೂದಲು ಬಿಟ್ಟಳು. ನನ್ನ ಮುಖವನ್ನೇ ನೋಡುತ್ತಾ ಕೂತಳು, ಆಮೇಲೆ ಮಲಗಿದಳು. ಹಣೆಯ ಚರ್ಮ ಬಾಯಿ ತೆರೆದಂತೆ ಬಿರಿದಿತ್ತು. ಒಂದು ಕ್ಷಣ ಬೆಳ್ಳಗೆ ಕಂಡಿತು, ಆಮೇಲೆ ರಕ್ತ ಉಕ್ಕಿ ಕಣ್ಣಿನ ಗುಳಿ ತುಂಬಿತು. ಬಿಂದಿಗೆ ನನ್ನ ಕೈಯಿಂದ ಜಾರಿ ಚಪ್ಪಡಿಕಲ್ಲಿನ ಮೇಲೆ ಬಿತ್ತು. ಅದರ ಹೊಟ್ಟೆಯಲ್ಲಿ ಈಗಲೂ ಇರುವ ನೆಗ್ಗು ಆ ಕಲ್ಲಿನಿಂದ ಆದದ್ದೋ ಅವಳ ಹಣೆಯಿಂದ ಆದದ್ದೋ ನನಗೆ ಇಂದಿಗೂ ಗೊತ್ತಿಲ್ಲ. ಬಿಂದಿಗೆ ಖಾಲಿಯಿತ್ತು. ತುಂಬಿದ್ದರೆ ಅವಳು ಅಲ್ಲೇ ಮುಗಿಯುತ್ತಿದ್ದಳು. ಎಷ್ಟೋ ವರ್ಷ ನನ್ನ ದಿನದ ಎಣಿಕೆಯಲ್ಲಿ ಅದೇ ಮೊದಲನೆಯ ಕೃಪೆಯಾಗಿತ್ತು.

ಅವಳನ್ನು ಜಟಕಾಕ್ಕೆ ಏರಿಸುವಷ್ಟರಲ್ಲಿ ನಲ್ಲಿಯ ಕೆಳಗೆ ಇಬ್ಬರು ಬಿಂದಿಗೆ ಬದಲಿಸಿದ್ದರು. ನೀರು ಇನ್ನು ಅರ್ಧ ತಾಸು ಮಾತ್ರ ಇತ್ತು. ನಾನು ಅವರನ್ನು ದೂರುವುದಿಲ್ಲ.

ಮನೆಗೆ ಓಡಿ ಬಂದು ಅಗುಳಿ ಹಾಕಿಕೊಂಡೆ. ಅರ್ಧ ತಾಸೂ ಆಗಿರಲಿಲ್ಲ, ಬೋರಯ್ಯ ಬಂದ. ಬಸ್‌ಸ್ಟ್ಯಾಂಡಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಎಳನೀರು ಕೊಚ್ಚುವ ಮಚ್ಚು ಅವನ ಕೈಯಲ್ಲೇ ಇತ್ತು.

"ಬಾರಮ್ಮಿ ಆಚೆಗೆ! ನನ್ನೆಂಡ್ತಿ ತಲೆ ಒಡ್ದೋಳೆ, ಬಾ! ನಿನ್ ತಲೇನೂ ಎಳ್ನೀರ್ ಕೆತ್ದಂಗ್ ಕೆತ್ತೀನಿ!"

ಮೊದಲ ಏಟು ಬಾಗಿಲಿಗೆ. ಎರಡನೆಯದು ಚೌಕಟ್ಟಿಗೆ, ಮರದ ಚೂರು ಒಳಗೆ ಹಾರಿ ನನ್ನ ಪಾದದ ಹತ್ತಿರ ಬಿತ್ತು. ಜ್ವರದ ಲೀಲಾ ಎದ್ದು ನನ್ನ ಸೀರೆ ಹಿಡಿದು ನಡುಗುತ್ತಿದ್ದಳು. ಅವಳ ಬಾಯಿಯನ್ನು ನನ್ನ ಅಂಗೈಯಲ್ಲಿ ಮುಚ್ಚಿದೆ. ಅಂಗೈಯಲ್ಲಿ ಹೊಂಬಾಳಮ್ಮನ ರಕ್ತ ಒಣಗಿತ್ತು. ಪ್ರಾರ್ಥನೆ ಮಾಡಬೇಕೆಂದು ನೋಡಿದೆ, ಒಂದು ಪದವೂ ನೆನಪಾಗಲಿಲ್ಲ.

ಆಗ ಹೊರಗೆ ಯಜಮಾನರ ದನಿ ಕೇಳಿತು. ಕಿಟಕಿಯ ಸಂದಿನಿಂದ ನೋಡಿದೆ. ಕಾರ್ಖಾನೆಯಿಂದ ಓಡಿ ಬಂದಿದ್ದರು, ಕೈಗೆಲ್ಲ ಕೆಂಪು ಅರಗು. ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಬೋರಣ್ಣ, ಒಳಗೆ ಮಗು ಐತೆ. ನನ್ನ ಏನಾದ್ರೂ ಮಾಡು."

"ಜರಗ್ಲಾ ಅತ್ಲಾಗೆ!"

"ಜರಗಕಿಲ್ಲ ಕಣಣ್ಣ."

ಮಚ್ಚು ಬೀಸಿತು. ಅವರು ಕೈ ಅಡ್ಡ ಹಿಡಿದರು. ಮುಂಗೈಯಿಂದ ಮೊಣಕೈಯ ತನಕ ಸೀಳಿತು. ಯಾವುದು ಅರಗು, ಯಾವುದು ರಕ್ತ ಎಂದು ತಿಳಿಯದ ಹಾಗೆ ಒಂದರ ಮೇಲೊಂದು ಕೆಂಪು. ಬೋರಯ್ಯನೇ ಮೊದಲು ಹೆದರಿದ. ಮಚ್ಚು ಕೆಳಗೆ ಹಾಕಿ, "ಅಯ್ಯೋ ಸಾಮೇಲಪ್ಪ, ಯಾಕ್ಲಾ ಕೈ ಅಡ್ಡ ತಂದೆ, ಯಾಕ್ಲಾ ತಂದೆ" ಎಂದು ಬಯ್ಯುತ್ತಲೇ ತನ್ನ ತಲೆಯ ವಸ್ತ್ರ ಬಿಚ್ಚಿ ಗಾಯಕ್ಕೆ ಸುತ್ತಿದ. ಬಯ್ಯುತ್ತಲೇ ಅವರ ಹೆಗಲಿಗೆ ಹೆಗಲು ಕೊಟ್ಟು ಆಸ್ಪತ್ರೆಯ ಕಡೆ ನಡೆಸಿಕೊಂಡು ಹೋದ.

ಇಷ್ಟೂ ಹೊತ್ತು ನಾನು ಅಗುಳಿ ತೆಗೆಯಲಿಲ್ಲ. ನನ್ನ ಗಂಡ ನನಗೆ ಬೀಳಬೇಕಾದ ಏಟನ್ನು ತಮ್ಮ ಕೈಯಲ್ಲಿ ತಡೆದುಕೊಳ್ಳುತ್ತಿದ್ದರೂ ತೆಗೆಯಲಿಲ್ಲ. ಕದಲಬೇಡ ಎಂದಿತ್ತಲ್ಲ, ಕದಲಲಿಲ್ಲ.

ಆಸ್ಪತ್ರೆಯಲ್ಲಿ ನಡೆದದ್ದನ್ನು ಯಜಮಾನರು ಆಮೇಲೆ ಹೇಳಿದರು. ಅವರು ಒಳಗೆ ಹೋದಾಗ ಹೊಂಬಾಳಮ್ಮನ ಹಣೆಗೆ ಹೊಲಿಗೆ ಹಾಕಿ ಮುಗಿದಿತ್ತು. ಪೊಲೀಸ್ ಮುಖ್ಯಪೇದೆಯೊಬ್ಬರು ಪುಸ್ತಕ ಹಿಡಿದು ಕೂತಿದ್ದರು.

"ಏಳಮ್ಮ, ಯಾರು ಒಡುದ್ರು?"

"ಯಾರೂ ಒಡೀಲಿಲ್ಲ ಸ್ವಾಮಿ. ನಲ್ಲಿ ಕಲ್ಲ್ ಮ್ಯಾಲೆ ಜಾರ್ಬುಟ್ಟೆ."

ಬೋರಯ್ಯ ಬಾಗಿಲಲ್ಲೇ ನಿಂತುಬಿಟ್ಟನಂತೆ. ಪೇದೆ ಈ ಕಡೆ ತಿರುಗಿ, ರಕ್ತ ಸುರಿಯುವ ಕೈ ನೋಡಿ, "ಇದೇನಯ್ಯ?" ಅಂದರು. ಎದುರಿನ ಮಂಚದಿಂದ ಹೊಂಬಾಳಮ್ಮ ನೋಡುತ್ತಿದ್ದಳು. ಯಜಮಾನರು ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿದವರಲ್ಲ. "ಮರ ಕಡೀವಾಗ ಉಳಿ ಜಾರ್ತು ಸಾರ್" ಅಂದರು.

ಪೇದೆ ಪೆನ್ನು ಮುಚ್ಚಿದರು. "ಏನ್ರಪ್ಪ, ನಿಮ್ ಬೀದೀಲಿ ಎಲ್ರೂ ಜಾರೋರೇನಾ? ತೊಟ್ಟು ನೀರಿಲ್ದೆ ಊರೇ ಒಣಗ್ ಓಗೈತೆ, ಜಾರೋಕೆ ಒದ್ದೆ ಎಲ್ಲಿಂದ ತಂದ್ರಿ?"

ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟುಹೋದರಂತೆ.

ಗುರುವಾರ ನಾನು ರಾಗಿ ಗಂಜಿ ಮಾಡಿಕೊಂಡು ಆಸ್ಪತ್ರೆಗೆ ಹೋದೆ. ಹೊಂಬಾಳಮ್ಮನ ಮುಖ ಊದಿ ಕಪ್ಪಾಗಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಅವಳ ಮಂಚದ ಕೆಳಗೆ, ನೆಲದ ಮೇಲೆ ಕೂತೆ. ಮೇಲೆ ಕೂರುವ ಮುಖ ನನಗಿರಲಿಲ್ಲ.

"ನಾನು ಸ್ಟೇಷನ್ನಿಗೆ ಹೋಗಿ ಇದ್ದದ್ದು ಹೇಳಿಬಿಡ್ತೀನಿ," ಅಂದೆ.

"ಏಳ್ಬುಡು, ಏಳ್ಬುಡು. ನೀನು ಓಗು, ನಿನ್ನಿಂದೆ ನನ್ ಗಂಡ್ನೂ ಒಳಗಾಕ್ಸು. ನಿನ್ ಯಜಮಾನನ್ ಕೈ ಕಡ್ದಿರೋದು ಅವ್ನೇ ಅಲ್ವಾ? ಸುಮ್ಕಿರು."

"ಆದರೆ ನೀನು ಹೇಳಿದಾಗ ನಿನಗೆ ಅದು ಗೊತ್ತೇ ಇರಲಿಲ್ಲವಲ್ಲ. ಯಾಕೆ ಹಾಗಂದೆ?"

"ನೀ ಜೈಲ್ಗ್ ಓದ್ರೆ ನಂಗೇನು ಎರಡ್ ಬಿಂದ್ಗೆ ಜಾಸ್ತಿ ಸಿಕ್ತದಾ?" ನಗುವುದಕ್ಕೆ ಹೋದಳು, ಹೊಲಿಗೆ ಎಳೆದು ಮುಖ ಕಿವುಚಿದಳು. ಆಮೇಲೆ ದನಿ ತಗ್ಗಿಸಿದಳು. "ಬಿದ್ದಾಗ ಒಸಿ ಗ್ಯಾನ ಇತ್ತು ಕಣಕ್ಕ. ನಿನ್ ಮೊಕ ಕಾಣ್ತು. ಕಸಾಯಿ ಅಂಗ್ಡಿ ಮುಂದೆ ಕಟ್ಟಾಕಿದ್ ಕರು ಇದ್ದಂಗಿದ್ದೆ. ಅಯ್ಯೋ ಇವ್ಳು ನನ್ಗಿಂತ ಎದ್ರವ್ಳಲ್ಲ ಅನ್ಸ್ತು. ಕಬ್ಬಾಳವ್ವನ ಮ್ಯಾಲ್ ಆಣೆ, ಅಲ್ಲೇ ಬುಟ್ಬುಟ್ಟೆ."

ಗಂಜಿ ಮಾತ್ರ ಒಂದು ತೊಟ್ಟೂ ಬಿಡದೆ ಕುಡಿದಳು. "ಉಪ್ಪಿಲ್ಲ" ಅಂದಳು.

ಶುಭ ಶುಕ್ರವಾರ ಚರ್ಚಿನಲ್ಲಿ ಕಂಬಕ್ಕೆ ಒರಗಿ ಕೂತಿದ್ದೆ, ತಲೆ ಎತ್ತಲಿಲ್ಲ. ಮೊಳೆ, ಮುಳ್ಳು, ಈಟಿ ಎಂದು ಅಯ್ಯನವರು ಉಸಿರು ಎಳೆದೆಳೆದು ಹೇಳುತ್ತಿದ್ದರು. ಪ್ರತಿ ವರ್ಷ ಅದನ್ನು ಕೇಳುವಾಗ ಹೊಡೆದವರನ್ನು ಶಪಿಸುತ್ತಿದ್ದೆ. ಅವತ್ತು ಮೊದಲ ಸಲ ಹೊಡೆದವರ ಸಾಲಿನಲ್ಲಿ ನಿಂತು ಕೇಳಿದೆ. ನನ್ನ ಕೈ ಅವರ ಕೈಯ ಹಾಗೇ ಕಂಡಿತು.

ಶುಕ್ರವಾರ ಬರಬೇಕಿದ್ದ ನೀರನ್ನು ಪುನರುತ್ಥಾನದ ಭಾನುವಾರ ಮಧ್ಯಾಹ್ನ ಬಿಟ್ಟರು. ಹೊಂಬಾಳಮ್ಮ ಶನಿವಾರವೇ ಮನೆಗೆ ಬಂದಿದ್ದಳು. ನಾನು ತೀರ್ಮಾನ ಮಾಡಿಕೊಂಡಿದ್ದೆ: ಈ ಬೇಸಿಗೆ ಮುಗಿಯುವ ತನಕ ಅವಳ ಮನೆಗೆ ನೀರು ನಾನೇ ಹೊರುತ್ತೇನೆ, ನನ್ನ ಪಾಲನ್ನೂ ಅವಳಿಗೇ ಕೊಡುತ್ತೇನೆ. ಆಗ ಎಲ್ಲ ಸರಿಹೋಗುತ್ತದೆ. ನೆಗ್ಗಿದ ಬಿಂದಿಗೆಯನ್ನೇ ತುಂಬಿಸಿಕೊಂಡು, ಬೀದಿಯವರೆಲ್ಲ ನೋಡುತ್ತಿದ್ದಂತೆ ಹೋಗಿ ಅವಳ ಬಾಗಿಲಲ್ಲಿ ಇಳಿಸಿದೆ.

ಅವಳು ತಲೆಗೆ ಪಟ್ಟಿ ಕಟ್ಟಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. "ಏನಕ್ಕ ಇದು?"

"ನಿನಗೆ. ಇನ್ನು ಮಳೆ ಬರೋ ತನಕ ನಾನೇ ತಂದುಕೊಡ್ತೀನಿ."

ಅವಳು ಗೋಡೆ ಹಿಡಿದು ಎದ್ದಳು. ಬಿಂದಿಗೆಯ ಕಂಠ ಹಿಡಿದಳು. ಒಳಗೆ ತೆಗೆದುಕೊಂಡು ಹೋಗುತ್ತಾಳೆ ಅಂದುಕೊಂಡೆ. ಚರಂಡಿಯ ಕಡೆ ವಾಲಿಸಿ ಅಷ್ಟನ್ನೂ ಸುರಿದಳು.

ಆ ಬೇಸಿಗೆಯಲ್ಲಿ ಒಂದು ಬಿಂದಿಗೆ ನೀರು! ನಲ್ಲಿಯ ಹತ್ತಿರ ಯಾರೋ "ಅಯ್ಯೋ" ಎಂದು ಚೀರಿದರು. ಆ ನೀರು ಒಣ ಚರಂಡಿಯಲ್ಲಿ ಎರಡು ಮಾರು ಹರಿದು ಇಂಗಿಹೋಯಿತು. ಅವಳು ಬೀಸಿ ಕೆನ್ನೆಗೆ ಹೊಡೆದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ.

"ನೀರೊತ್ತು ತೀರ್ಸ್ಕೊಬೇಕು ಅಂತ ಬಂದ್ಯಾ?" ಅವಳು ಏದುತ್ತಿದ್ದಳು. "ಎಷ್ಟ್ ಬಿಂದ್ಗೆಗೆ ತೀರ್ತದೆ? ಏಳು, ಲೆಕ್ಕ ಏಳು. ನೂರಾ? ಇನ್ನೂರಾ? ಆಮ್ಯಾಕೆ ನಾನೂ ನೀನೂ ಸರಿಸಾಟಿ, ಅಲ್ವಾ? ನಾ ಬುಟ್ಟೆ ಅಂದ್ಮ್ಯಾಕೆ ಬುಟ್ಟೆ. ತೀರ್ಸಾಕ್ ಬರ್ಬೇಡ. ತೀರ್ಸಾಕ್ ಬಂದ್ರೆ ನಾ ಬುಟ್ಟಿದ್ದು ಸುಳ್ಳಾಯ್ತದೆ."

ಖಾಲಿ ಬಿಂದಿಗೆಯನ್ನು ನನ್ನ ಕಂಕುಳಿಗೆ ಅವಳೇ ಇಟ್ಟಳು. "ಓಗು. ನಿನ್ ಮಗೀಗ್ ಜರ. ಲೈನ್ಗ್ ನಿಂತ್ಕೊ."

ಸಾಲಿನ ಕೊನೆಗೆ ಹೋಗಿ ನಿಂತೆ. ನನಗಿಂತ ಮುಂದಿದ್ದವಳು, ಮುಂದಿನ ಹಲ್ಲು ಮುರಿದಿದ್ದವಳು, ತಿರುಗಿ ನೋಡಿ ತನ್ನ ಬಿಂದಿಗೆ ಹಿಂದಿಟ್ಟು ನನಗೆ ಜಾಗ ಬಿಟ್ಟಳು. ಅವತ್ತು ನಾನು ನೀರು ತರುವಾಗ ಬೀದಿಯುದ್ದಕ್ಕೂ ಅತ್ತೆ. ಎಷ್ಟು ಅತ್ತರೂ ಬಿಂದಿಗೆಗೆ ಒಂದು ಹನಿ ಸೇರಲಿಲ್ಲ ಎಂದು ಆಮೇಲೆ ಯಜಮಾನರು ತಮಾಷೆ ಮಾಡಿದರು. ಅವರ ಕೈ ಪಟ್ಟಿಯಲ್ಲಿತ್ತು. ನಾನು ಅಗುಳಿ ತೆಗೆಯದಿದ್ದುದನ್ನು ಅವರು ಸಾಯುವ ತನಕ ಒಂದು ಸಲವೂ ಎತ್ತಿ ಆಡಲಿಲ್ಲ. ಆ ಕೃಪೆಯನ್ನು ಎಣಿಸುವುದಕ್ಕೆ ನನಗೆ ಆಗ ತಿಳಿಯಲಿಲ್ಲ. ಈಗ ತಿಳಿದಿದೆ.

ಮುಂದಿನ ಶನಿವಾರ ಚೀಟಿ ಬರೆಯಲು ಅಯ್ಯನವರ ಮನೆಗೆ ಹೋದವಳು ಪೆನ್ನು ಮುಟ್ಟಲಿಲ್ಲ. ಎಲ್ಲವನ್ನೂ ಹೇಳಿದೆ. ಮೂರು ಮಡಿಕೆಯಿಂದ ಹಿಡಿದು ಚರಂಡಿಯ ತನಕ. ಬೀರುವಿನಿಂದ ಕಿತ್ತ ಚೀಟಿಯನ್ನೂ ಮುಂದಿಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಸುಗುಣಾ, ಎಷ್ಟು ವರ್ಷದಿಂದ ಕೃಪೆ ಅನ್ನೋ ಮಾತು ಬರೀತಾ ಇದ್ದೀಯಮ್ಮ?"

"ಮದುವೆಯಾಗಿ ಬಂದಾಗಿನಿಂದ, ಅಯ್ಯನವರೇ."

"ಅದು ನಿನಗೆ ಬೇಕಾಗಿದೆ ಅಂತ ಯಾವತ್ತಾದರೂ ಅನ್ನಿಸಿತ್ತಾ?"

"ಇಲ್ಲ. ಬೇರೆಯವರಿಗೆ ಬರೀತಿದ್ದೀನಿ ಅಂದುಕೊಂಡಿದ್ದೆ."

ಅವರು ಬಹಳ ಹೊತ್ತು ಕೆಮ್ಮಿದರು. "ಆಕೆ ಏನಂದಳು, ಇನ್ನೊಂದು ಸಲ ಹೇಳು."

ಹೇಳಿದೆ. ಅವರು ಮೇಜಿನ ಮೇಲಿದ್ದ ಆ ವಾರದ ಸಂದೇಶವನ್ನು ಹರಿದು ಹಾಕಿದರು. "ಇದನ್ನೇ ಬರಿ. ನಾನು ಇಷ್ಟು ಸಣ್ಣದಾಗಿ ಇಷ್ಟು ಪೂರ್ತಿಯಾಗಿ ಯಾವತ್ತೂ ಹೇಳಿಲ್ಲ."

"ನನ್ನ ಕೈಯಲ್ಲೇ ಬರೀಲಾ? ಈ ಕೈಯಲ್ಲಾ?"

"ಮತ್ತೆ ಯಾವ ಕೈ ಇದೆ ನಿನ್ನ ಹತ್ತಿರ?"

ನಲವತ್ತು ಚೀಟಿ ಬರೆದೆ. 'ಬಿಟ್ಟೆ ಅಂದಮೇಲೆ ಬಿಟ್ಟೆ. ತೀರಿಸಲು ಬರಬೇಡ. ತೀರಿಸಲು ಬಂದರೆ ನಾನು ಬಿಟ್ಟದ್ದು ಸುಳ್ಳಾಗುತ್ತದೆ.' ಎಲ್ಲವನ್ನೂ ಎರಡೇ ಮಡಿಕೆ ಮಡಿಸಿದೆ. ಭಾನುವಾರ ಹಂಚಿದೆವು. ಕಬ್ಬಾಳವ್ವನ ಒಕ್ಕಲಿನ ಹೆಂಗಸು ಬೀದಿಯಲ್ಲಿ ನಿಂತು ಆಡಿದ ಮಾತು ಅದೆಂದು ಅಯ್ಯನವರಿಗೂ ನನಗೂ ಬಿಟ್ಟು ಚರ್ಚಿನಲ್ಲಿ ಯಾರಿಗೂ ತಿಳಿಯಲಿಲ್ಲ. ಎಷ್ಟೋ ಜನ ಅದನ್ನು ಸತ್ಯವೇದದ ಪುಸ್ತಕದೊಳಗೆ ಇಟ್ಟುಕೊಂಡರು. ಒಬ್ಬರು ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ತಮ್ಮನ ಮನೆಗೆ ಅದನ್ನು ಓದಿ ಹೋದರಂತೆ. ಹೊಂಬಾಳಮ್ಮನಿಗೆ ಓದು ಬರುತ್ತಿರಲಿಲ್ಲ. ಒಂದು ಚೀಟಿಯನ್ನು ನಾನೇ ತೆಗೆದುಕೊಂಡು ಹೋಗಿ ಓದಿ ಹೇಳಿದೆ. "ನಾನ್ ಬಯ್ದಿದ್ನೆಲ್ಲ ಬರ್ದಿಡೋ ಅಂಗಿದ್ರೆ ನಿಮ್ ಚರ್ಚ್ ತುಂಬೋಯ್ತದೆ" ಅಂದಳು.

ಮೇ ಕೊನೆಯಲ್ಲಿ ಮಳೆ ಬಂತು. ಅದೂ ಸುಮ್ಮನೆ ಬರಲಿಲ್ಲ, ಎರಡು ಮನೆಯ ಹೆಂಚು ಹಾರಿಸಿ, ನಮ್ಮ ಬೀದಿಯ ಬೇವಿನ ಮರವನ್ನು ಕೆಡವಿ ಬಂತು. ಬಾವಿಯಲ್ಲಿ ನೀರು ಕಂಡಿತು. ಬೋರಯ್ಯ ನಮ್ಮ ಬಾಗಿಲ ಚೌಕಟ್ಟಿನ ಕಚ್ಚಿಗೆ ತಾನೇ ಮರದ ತುಂಡು ಕೂರಿಸಿಕೊಟ್ಟ. ಕುಡಿತ ಬಿಡಲಿಲ್ಲ, ಹೆಂಡತಿಯ ಮೇಲೆ ಕೈ ಎತ್ತುವುದನ್ನು ಬಿಟ್ಟ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಡಿಮೆ ಮಾಡಿದ, ಅಷ್ಟೆ. ಎತ್ತಿದ ದಿನ ಅವಳು ಜಯಾಳನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಿದ್ದಳು. ಆಗ ಒಳಗಿನಿಂದ ಅಗುಳಿ ತೆಗೆಯುತ್ತಿದ್ದವಳು ನಾನು. ಅವನು ಬೀದಿಯಲ್ಲಿ ನಿಂತು ಎಷ್ಟು ಕೂಗಿದರೂ ಹೊಸ್ತಿಲ ಮೇಲೆ ನಾನೇ ನಿಲ್ಲುತ್ತಿದ್ದೆ.

ನಾನು ಮಾಡಿದ ಸಾರು ಅವಳು ಉಂಡಳು. ಕ್ರಿಸ್ಮಸ್ಸಿನ ಕರಜಿಕಾಯಿ ಕೇಳಿ ತಿಂದಳು. ಆದರೆ ನೀರು ಹೊತ್ತು ಕೊಡುತ್ತೇನೆ ಎಂದರೆ ಮಾತ್ರ ಕಣ್ಣು ಬಿಡುತ್ತಿದ್ದಳು. ಗರ್ಭಕೋಶದ ಆಪರೇಷನ್ ಆದಾಗಲೂ ಪುಟ್ಟ ಜಯಾಳ ಕೈಯಲ್ಲೇ ಹೊರಿಸಿದಳು, ನನ್ನನ್ನು ಮುಟ್ಟಗೊಡಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ನಾನು ರಾಮನಗರಕ್ಕೆ ಮಗಳ ಮನೆಗೆ ಬಂದೆ. ಬಿಂದಿಗೆಯನ್ನೂ ತಂದೆ. ಪಾತ್ರೆ ಅಂಗಡಿಯವನು ನೆಗ್ಗು ತೆಗೆದುಕೊಡುತ್ತೇನೆ ಎಂದಿದ್ದ, ಬೇಡವೆಂದೆ.

ಈಗ ಅವಳಿಲ್ಲ. ನೀರು ತಾ ಅಂದಿದ್ದಾಳೆ.

ಜಯಾ ಫೋನು ಇಡುವ ಮೊದಲು ಇನ್ನೊಂದು ಮಾತು ಹೇಳಿದ್ದಳು. ನಿನ್ನೆ ಸಂಜೆ ಅವಳು, "ಯಾಕವ್ವ, ಈಗ್ಯಾಕೆ ದೊಡ್ಡವ್ವನ್ ನೀರು?" ಎಂದು ಕೇಳಿದಳಂತೆ. ಹೊಂಬಾಳಮ್ಮ ನಕ್ಕಳಂತೆ. "ಪಾಪ, ಅವತ್ತಿಂದ ಒತ್ಕಂಡೇ ನಿಂತವ್ಳೆ ಕಣೆ. ಬಂದ್ ಇಳ್ಸು ಅನ್ನು. ಈಗಾದ್ರೆ ಚೆಲ್ಲಾಕೆ ನಂಗೆ ಕೈಯೂ ಇರಕಿಲ್ಲ."

ಲೀಲಾ ಬಂದು ನೋಡಿದಳು. "ಅಮ್ಮಾ, ಹನ್ನೆರಡರ ಬಸ್ಸಿಗೆ ಹೋದರೆ ಸಾಕು. ಅಲ್ಲೂ ಮನೆಮನೆಗೆ ನಲ್ಲಿ ಇದೆ. ಇಲ್ಲಿಂದ ಯಾಕೆ ಹೊರ್ತೀಯಾ?"

"ಹೊತ್ತುಕೊಂಡು ಬಾ ಅಂದಿದ್ದಾಳೆ," ಅಂದೆ.

ಅರ್ಧ ಹಿದುಕಿದ ಅವರೆಕಾಳನ್ನು ಅವಳ ಕಡೆ ಸರಿಸಿದೆ. ಬಿಂದಿಗೆಯನ್ನು ಹಿತ್ತಿಲಿಗೆ ತಂದೆ. ಹುಣಸೆಹಣ್ಣಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕಂಠದಿಂದ ಶುರು ಮಾಡಿದೆ. ನೆಗ್ಗಿದ ಜಾಗದಲ್ಲಿ ಅಂಗೈ ಹೋಗುವುದಿಲ್ಲ, ಒಂದೊಂದೇ ಬೆರಳಿಟ್ಟು ಉಜ್ಜಬೇಕು. ಉಜ್ಜುತ್ತಾ ಕೂತೆ.